ಸೀಗೆಕಾಯಿ ನೀರಿನಲ್ಲಿ ತೊಳೆದ ಟೆನ್ಷನರ್

೧೯೬೪ರ ಬೇಸಿಗೆ. ಆಗ ನಾನು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದಿದ್ದ ಒಂದು ಮೋಟಾರು ಶೆಡ್ಡಿನಲ್ಲಿ ಹೆಡ್ ಫಿಟ್ಟರ್. ಬಸ್ಸಿನ ಇಂಜಿನ್ನು, ಲಾರಿಯ ಗೇರ್ ಬಾಕ್ಸು ನಮ್ಮ ದಿನನಿತ್ಯದ ಊಟ. ಅಪರೂಪಕ್ಕೆ ಬರುವ ಮೋಟಾರ್ ಸೈಕಲ್ಲು ಕುರುಕಲು ತಿಂಡಿ. ಎಷ್ಟೋ ಗಾಡಿ ಬಿಚ್ಚಿ ಕಟ್ಟಿದ್ದೇನೆ. ಗಾಡಿಗಳನ್ನೆಲ್ಲ ಮರೆತರೂ ಸುಬ್ಬರಾಯಪ್ಪ ಎಂಬ ಮಹಾನುಭಾವ ಮಾತ್ರ ಮರೆಯುವುದಿಲ್ಲ.

ಈತ ರೇಷ್ಮೆ ಮೊಟ್ಟೆಯ ಏಜೆಂಟ. ಹುಳು ಸಾಕುವವರಿಗೆ ಮೊಟ್ಟೆ ಅಂಟಿದ ಹಾಳೆಗಳನ್ನು ತಲುಪಿಸುವುದು ಕೆಲಸ. ಮಿಲಿಟರಿಯವರೊಬ್ಬರಿಂದ ಒಂದು ಜಪಾನ್ ಮೋಟಾರ್ ಸೈಕಲ್ ಕೊಂಡುಕೊಂಡಿದ್ದ. ಸುತ್ತಲ ತಾಲ್ಲೂಕಿನಲ್ಲಿ ಅಂಥದ್ದು ಬೇರೆ ಇರಲಿಲ್ಲ. ಇಸ್ತ್ರಿ ಮಾಡಿದ ಪಂಚೆ, ಕಾಲಿಗೆ ಸಾಕ್ಸು, ಹಿಂದಿನ ಕ್ಯಾರಿಯರಿನಲ್ಲಿ ಒದ್ದೆ ಬಟ್ಟೆ ಹೊದಿಸಿದ ಮೊಟ್ಟೆಯ ಪೆಟ್ಟಿಗೆ. ಊರು ಬರುವ ಮುಂಚೆಯೇ ಹಾರ್ನ್ ಶುರು. ಜನ ಸೇರುವವರೆಗೂ ಗಾಡಿಯಿಂದ ಇಳಿಯುತ್ತಿರಲಿಲ್ಲ. ಯಾರಾದರೂ ತಾವೇ ಬಂದು ಮೊಟ್ಟೆ ಒಯ್ಯುತ್ತೇವೆಂದರೆ ಅವರ ಸರದಿ ಕೊನೆಗೆ ಹೋಗುತ್ತಿತ್ತು.

ಆ ಇಂಜಿನ್ನಿನ ವಿಚಾರ ಸ್ವಲ್ಪ ಹೇಳಬೇಕು. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಎಂಬ ದಂಡ ಅದರಲ್ಲಿ ಇಂಜಿನ್ನಿನ ನೆತ್ತಿಯ ಮೇಲಿರುತ್ತದೆ. ಕೆಳಗೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ಒಂದು ಸಣ್ಣ ಚೈನು ಅದನ್ನು ತಿರುಗಿಸುತ್ತದೆ. ಓಡಿದಂತೆಲ್ಲ ಚೈನು ಸಡಿಲವಾಗುತ್ತದಲ್ಲ, ಆ ಸಡಿಲವನ್ನು ಹಿಂದಿನಿಂದ ಒತ್ತಿ ಹಿಡಿಯುವುದೇ ಟೆನ್ಷನರ್. ಕೊಳವೆಯೊಳಗೆ ಸ್ಪ್ರಿಂಗು, ಅದರ ಮುಂದೆ ಬೆರಳು ಗಾತ್ರದ ಒಂದು ಕಡ್ಡಿ, ಕಡ್ಡಿಯನ್ನು ಬಿಗಿಯಲು ಒಂದು ಬೋಲ್ಟು, ಅಷ್ಟೇ. ಕಡ್ಡಿ ಕೊಳವೆಯೊಳಗೆ ಬೆಣ್ಣೆಯಂತೆ ಜಾರಬೇಕು. ಜಾರದಿದ್ದರೆ ಚೈನು ಹಲ್ಲು ಹಾರಿಸಿ, ವಾಲ್ವು ಪಿಸ್ಟನ್ನಿಗೆ ಬಡಿದು, ಇಂಜಿನ್ ಅಲ್ಲೇ ಕೈಲಾಸ ಸೇರುತ್ತದೆ.

ಅಂದು ಮಧ್ಯಾಹ್ನ ಸುಬ್ಬರಾಯಪ್ಪ ಗಾಡಿ ತಳ್ಳಿಸಿಕೊಂಡು ಬಂದ. ಪೆಟ್ಟಿಗೆ ಕ್ಯಾರಿಯರಿನಲ್ಲೇ ಇತ್ತು. ಒದ್ದು ಸ್ಟಾರ್ಟ್ ಮಾಡಿದರೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ತಕ್ಷಣ ಆರಿಸಿ ಟೆನ್ಷನರ್ ಬಿಚ್ಚಿದೆ. ಕಡ್ಡಿ ಒಳಗೇ ಕಚ್ಚಿಕೊಂಡಿತ್ತು. ಕೊಳವೆಯ ತುಂಬ ಕೆಂಪು ತುಕ್ಕು, ಜೊತೆಗೆ ಅಂಟಂಟಾದ ಹುಡಿ. ಮೂಸಿ ನೋಡಿದೆ. ಸೀಗೆಕಾಯಿ!

"ಏನ್ ಸಾಮಿ ಇದು, ಇಂಜಿನ್ಗೆ ಎಣ್ಣೆಸ್ನಾನ ಮಾಡ್ಸಿದ್ರಾ?"

"ಎಣ್ಣೆ ಎಲ್ಲಯ್ಯ ಬಂತು? ಮನೇಲೇ ಬಿಚ್ಚಿ, ಸೀಗೆಕಾಯಿ ನೀರಲ್ಲಿ ತೊಳೆದು, ಮಡಿಬಟ್ಟೇಲಿ ಒರ್ಸಿ ಹಾಕ್ಸಿದೀನಿ. ನಿಮ್ಮಂಗೆ ಸೀಮೆಎಣ್ಣೇಲಿ ತೊಳೆದ ಗಾಡೀಲಿ ಮೊಟ್ಟೆ ಒಯ್ಯೋಕಾಗ್ತದಾ? ನಿಂಗೇನ್ ಗೊತ್ತು ಹುಳದ ಸಂಗತಿ!"

ಹುಳದ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಅಜ್ಜಿಯೇ ಹುಳು ಸಾಕಿದವರು. ಹುಳುಮನೆಯೊಳಕ್ಕೆ ಕಾಲು ತೊಳೆಯದೆ ಹೋಗುವ ಹಾಗಿರಲಿಲ್ಲ. ಬೀಡಿ, ಸೀಮೆಎಣ್ಣೆ ಹತ್ತಿರ ಸುಳಿಯುವ ಹಾಗಿರಲಿಲ್ಲ. ಹುಳು ಗೂಡು ಕಟ್ಟಿ ಬೆಳೆ ಮುಗಿಯುವವರೆಗೆ ಅಡುಗೆಗೆ ಘಾಟಿನ ಒಗ್ಗರಣೆಯೂ ಬೀಳುತ್ತಿರಲಿಲ್ಲ. ಅದು ಹುಳುವಿಗಾಗಿ ಪಟ್ಟ ಎಚ್ಚರ. ಈತ ಆ ಎಚ್ಚರವನ್ನು ತಂದು ಉಕ್ಕಿನ ಸ್ಪ್ರಿಂಗಿಗೆ ಹಾಕಿದ್ದ. ಮುಂದುಗಡೆ ಟ್ಯಾಂಕಿನ ತುಂಬ ಪೆಟ್ರೋಲು ಕುಲುಕುತ್ತಿತ್ತು. ಆ ವಾಸನೆ ಮಾತ್ರ ಈ ಪುಣ್ಯಾತ್ಮನ ಮೂಗಿಗೆ ತಾಕಿರಲಿಲ್ಲ.

ಅಷ್ಟರಲ್ಲಿ ಶೆಡ್ಡಿನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತರು. ಜಂಗಮಕೋಟೆಯ ಅಕ್ಕಯಮ್ಮ. ಬೆಳಗ್ಗೆಯೇ ಬರಬೇಕಿದ್ದ ಮೊಟ್ಟೆ ಬರಲಿಲ್ಲವೆಂದು ಬಸ್ಸು ಹತ್ತಿ ಹುಡುಕಿಕೊಂಡು ಬಂದಿದ್ದರು. ಯಾರನ್ನೂ ಮಾತನಾಡಿಸದೆ ನೇರವಾಗಿ ಪೆಟ್ಟಿಗೆಯ ಬಟ್ಟೆ ಸರಿಸಿ, ಹಾಳೆಯೊಂದನ್ನು ಬೆಳಕಿಗೆ ಹಿಡಿದರು.

"ಅಯ್ಯೋ ದೇವುಡಾ! ಕಪ್ಪಿಟ್ಟವೆ ಕಣಪ್ಪಾ. ಬೆಳಗಾಗೋದ್ರೊಳಗೆ ಹುಳ ಏಳ್ತವೆ. ಚಿಗುರು ಸೊಪ್ಪು ಅಲ್ಲಿ ಬಿಡಿಸಿಟ್ಟಿವ್ನಿ, ಹುಳ ಇಲ್ಲಿ ಎದ್ರೆ ಏನ್ ತಿಂತವೆ, ನಿನ್ನ ಸಾಕ್ಸಾ?"

ವಿಷಯ ಇಷ್ಟೇ. ಎದ್ದ ಮರಿಗೆ ಸೊಪ್ಪು ಸಿಗದಿದ್ದರೆ ಸೊರಗಿ ಸಾಯುತ್ತದೆ. ಆಕೆಗೆ ಆ ಸಲದ ಬೆಳೆಯೇ ಇಲ್ಲ. ನಾನು ಸುಬ್ಬರಾಯಪ್ಪನಿಗೆ ಹೇಳಿದೆ: "ಬಸ್ಸು ಹೊರಡೋಕೆ ಇನ್ನೂ ಹೊತ್ತೈತೆ. ಅಮ್ಮನ ಕೈಗೆ ಪೆಟ್ಟಿಗೆ ಕೊಟ್ಬಿಡಿ. ಗಾಡಿ ನಿಧಾನಕ್ಕೆ ಮಾಡೋಣ."

"ಬಸ್ಸಲ್ಲಾ? ಬೀಡಿ ಹೊಗೇಲಿ ನನ್ನ ಮೊಟ್ಟೆ ಹೋಗ್ಬೇಕಾ? ನಾನೇ ಹೋಗಿ ನಾನೇ ಕೊಡೋದು. ನೀನು ಸೀಮೆಎಣ್ಣೆ, ಗ್ರೀಸು ಮುಟ್ಟಿಸ್ದೆ ಹಂಗೇ ಜಡಿ."

"ಹಂಗೇ ಜಡಿದ್ರೆ ಶಿಡ್ಲಘಟ್ಟ ದಾಟಲ್ಲ. ಕೆರೆ ಏರಿ ಮೇಲೆ ನೀವು, ಪೆಟ್ಟಿಗೆ, ಹುಳ ಎಲ್ಲಾ ಕೂತ್ಕೊಂಡು ಗಾಳಿ ಕುಡೀಬೇಕಾಗ್ತದೆ."

"ನನಗೇ ಹೇಳ್ತೀಯೇನಯ್ಯ? ಎಷ್ಟು ವರ್ಷದಿಂದ ಮೊಟ್ಟೆ ಕೊಡ್ತಿದೀನಿ ಗೊತ್ತಾ?"

ಅಕ್ಕಯಮ್ಮ ಅವನ ವರ್ಷಗಳ ಲೆಕ್ಕಕ್ಕೆ ಕಾಯಲಿಲ್ಲ. ಕ್ಯಾರಿಯರಿನ ಹಗ್ಗ ಬಿಚ್ಚಿ ಪೆಟ್ಟಿಗೆಯನ್ನು ಕಂಕುಳಿಗೇರಿಸಿದರು. "ಬೀಡಿ ಸೇದೋರ್ಗೆ ನಾನ್ ಹೇಳ್ಕಂತೀನಿ. ನೀನು ನಿನ್ನ ಗಾಡೀಗೆ ಸಾಂಬ್ರಾಣಿ ಹಾಕ್ಕೊಂಡು ಬಾರಪ್ಪ," ಎಂದು ಸರಸರನೆ ನಡೆದೇಬಿಟ್ಟರು. ಸುಬ್ಬರಾಯಪ್ಪ ಬಾಗಿಲವರೆಗೆ ಹೋಗಿ ಹಿಂದಿರುಗಿದ.

ಪೆಟ್ಟಿಗೆ ಹೋದ ಮೇಲೆ ಸೀಮೆಎಣ್ಣೆಗೆ ಅಡ್ಡಿ ಹೇಳಲು ಅವನಲ್ಲಿ ನೆಪ ಉಳಿದಿರಲಿಲ್ಲ. ಕಡ್ಡಿಯನ್ನು ನೆನೆಸಿ ಬಿಡಿಸಿ, ತುಕ್ಕನ್ನು ನುಣುಪಾದ ಎಮರಿ ಕಾಗದದಲ್ಲಿ ತಿಕ್ಕಿ, ಇಂಜಿನ್ ಆಯಿಲ್ ಸವರಿದೆ. ಸ್ಪ್ರಿಂಗನ್ನು ಅದುಮಿ ಕಡ್ಡಿ ಒಳಗಿರುವಂತೆ ಬೋಲ್ಟು ಬಿಗಿದೆ. ಮರುಜೋಡಣೆಯಲ್ಲಿ ಅವಸರದವರು ತಪ್ಪುವುದು ಇಲ್ಲೇ: ಕಡ್ಡಿ ಹೊರಗೆ ಚಾಚಿರುವಾಗಲೇ ಟೆನ್ಷನರನ್ನು ಬಲವಂತವಾಗಿ ಕೂರಿಸಿಬಿಡುತ್ತಾರೆ, ಚೈನು ಉಸಿರು ಕಟ್ಟಿ ಸವೆಯುತ್ತದೆ. ಕ್ಯಾಮಿನ ಗುರುತು, ಕ್ರ್ಯಾಂಕಿನ ಗುರುತು ಒಂದಕ್ಕೊಂದು ಹೊಂದಿವೆಯೇ ಎಂದು ನೋಡಿದೆ. ದೇವರ ದಯೆ, ಚೈನು ಇನ್ನೂ ಹಲ್ಲು ಹಾರಿಸಿರಲಿಲ್ಲ. ಎಣ್ಣೆ ಸೋರದಂತೆ ಸಂದಿಗೆ ಹೊಸ ಪ್ಯಾಕಿಂಗ್ ಇಟ್ಟು ಕೂರಿಸಿ, ಸಡಿಲವೆಲ್ಲ ಟೆನ್ಷನರಿನ ಕಡೆಗೇ ಬರುವಂತೆ ಇಂಜಿನ್ನನ್ನು ಅದು ಓಡುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಿದೆ. ಆಮೇಲೆ ಬೋಲ್ಟು ಸಡಿಲಿಸಿದೆ. ಒಳಗೆ 'ಟಕ್' ಎಂದಿತು. ಎಷ್ಟು ಒತ್ತಬೇಕೋ ಅಷ್ಟನ್ನು ಸ್ಪ್ರಿಂಗೇ ಒತ್ತಿತು. ಮತ್ತೆ ಬೋಲ್ಟು ಬಿಗಿದು, ಒದ್ದರೆ ಹೊಲಿಗೆ ಯಂತ್ರದ ಸದ್ದು.

ಸುಬ್ಬರಾಯಪ್ಪ ಒಂದು ಒಳ್ಳೆಯ ಮಾತೂ ಆಡದೆ ಗಾಡಿ ಹತ್ತಿ ಹೋದ. ಮುಂದಿನದನ್ನು ಹೇಳಿದವನು ಆ ಬಸ್ಸಿನ ಕಂಡಕ್ಟರು. ಅಕ್ಕಯಮ್ಮ ಹತ್ತಿದವರೇ "ಬೀಡಿ ಆರಿಸ್ರಪ್ಪ, ಮಕ್ಳು ಬರ್ತಾವ್ರೆ" ಎಂದರಂತೆ. ಇಡೀ ಬಸ್ಸು ಬೀಡಿ ಆರಿಸಿತಂತೆ. ಶಿಡ್ಲಘಟ್ಟ ಕಳೆದ ಮೇಲೆ ಹಿಂದಿನಿಂದ ಹಾರ್ನು. ಬಸ್ಸನ್ನು ಹಿಂದೆ ಹಾಕಿ ತಾನೇ ಮೊದಲು ಊರು ಸೇರಬೇಕೆಂಬ ಆಸೆ ನಮ್ಮ ಮಹಾನುಭಾವನಿಗೆ. ಡ್ರೈವರು ದಾರಿ ಬಿಡಲಿಲ್ಲ. ಜಂಗಮಕೋಟೆ ತಲುಪುವ ಹೊತ್ತಿಗೆ ಬಿಳಿ ಪಂಚೆ, ಮುಖ, ಸಾಕ್ಸು ಎಲ್ಲವೂ ಕೆಮ್ಮಣ್ಣು. ಕ್ಯಾರಿಯರು ಖಾಲಿ.

ಮಾರನೆಯ ಸಂಜೆ ಅದೇ ಕಂಡಕ್ಟರು ಶೆಡ್ಡಿನ ಮುಂದೆ ನಿಂತು ಕೂಗಿದ: "ಹುಳ ಎದ್ದವಂತೆ ಕಣಣ್ಣೋ! ಸೊಪ್ಪು ಕಚ್ಚಿದವಂತೆ!" ಆ ವಾರವೇ ಸುಬ್ಬರಾಯಪ್ಪ, ಮರಿ ಅಷ್ಟು ಚೆನ್ನಾಗಿ ಎದ್ದದ್ದು ತನ್ನ ಕೈಗುಣ ಎಂದು ಹೋಟೆಲಿನಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದೆ. ಕಾಫಿ ಕುಡಿದು ಎದ್ದು ಬಂದೆ.

ರಿಪೇರಿಗೆ ಗಾಡಿ ಬಂದಾಗ ಏನಾಗಿದೆ ಎಂದು ಮಾಲೀಕನನ್ನು ಕೇಳುವುದು ನಮ್ಮ ಕಸುಬಿನ ವಾಡಿಕೆ. ಅಂದಿನಿಂದ ನಾನು ಇನ್ನೊಂದನ್ನೂ ಕೇಳತೊಡಗಿದೆ: ಈ ಗಾಡಿಗಾಗಿ ಎಲ್ಲಿ, ಯಾರು ಕಾಯುತ್ತಿದ್ದಾರೆ? ಸ್ಪ್ಯಾನರ್ ಹಿಡಿಯುವ ಮೊದಲು ಅವರಿಗೊಂದು ದಾರಿ ಮಾಡಬೇಕು. ಮಾಲೀಕನ ಪ್ರತಿಷ್ಠೆ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಂತಿರಲಿ. ಅದಕ್ಕೆ ಹೊಟ್ಟೆ ಹಸಿಯುವುದಿಲ್ಲ.