ಬೇಕೆಂದೇ ಹಿಡಿಸಿದ ತುಕ್ಕು

ವಿನೆಗರ್ ಸುರಿದು ಕಾರಿಗೆ ತುಕ್ಕು ಹಿಡಿಸುವ ಜನರಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣಾರೆ ಕಂಡೆ. ಅಂದಿನಿಂದ ಸೌತೆಕಾಯಿಗೂ ವಿನೆಗರ್ ಹಾಕಲು ಮನಸ್ಸು ಬರುತ್ತಿಲ್ಲ.

ಪಕ್ಕದ ಮನೆಯ ಆರ್ವಲ್ ಸ್ಟಕಿ ಜೀವಮಾನವಿಡೀ ಯಾರಿಗೂ ಬೇಡದ ಕಾರುಗಳನ್ನೇ ಪ್ರೀತಿಸಿದವನು. ಓರಗೆಯವರೆಲ್ಲ ಎರಡು ಬಾಗಿಲಿನ, ಗುರ್ರೆನ್ನುವ ಕಾರುಗಳ ಹಿಂದೆ ಬಿದ್ದಾಗ ಇವನು ನ್ಯಾಶ್ ಕೊಂಡ. ಆಮೇಲೆ ಸ್ಟುಡ್‌ಬೇಕರ್. ಕೊನೆಗೆ ಬಟಾಣಿ ಸೂಪಿನ ಬಣ್ಣದ, ನಾಲ್ಕು ಬಾಗಿಲಿನ ರ್‍ಯಾಂಬ್ಲರ್.

"ಪಾದ್ರಿಯ ಅತ್ತೆ ಓಡಿಸೋ ಕಾರು ಕಣೋ ಇದು" ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೇನೆ.

"ಅದಕ್ಕೇ ಕಳ್ಳರು ಮುಟ್ಟಲ್ಲ, ಲೋರ್ನಾ" ಎನ್ನುತ್ತಿದ್ದ.

ನಮ್ಮ ಒಹಾಯೊದಲ್ಲಿ ಹಿಮ ಬಿದ್ದು, ಅದನ್ನು ಕರಗಿಸಲು ರಸ್ತೆಗೆ ಉಪ್ಪು ಎರಚಿದರೆಂದರೆ, ಎಲ್ಲಿ ತುಕ್ಕು ಹಿಡಿದೀತೋ ಎಂದು ರ್‍ಯಾಂಬ್ಲರ್ ಶೆಡ್ಡು ಸೇರುತ್ತಿತ್ತು. ಇವನು ಏಪ್ರಿಲ್ ತನಕ ನಡೆದೇ ಚರ್ಚಿಗೆ ಬರುತ್ತಿದ್ದ. ಕಾರಿನ ಮೈಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ.

ಕಣ್ಣು ಮಂಜಾಗಿ ಲೈಸೆನ್ಸ್ ಹೋದ ಮೇಲೆ ಅದನ್ನು ತಂಗಿಯ ಮಗ ಕರ್ಬಿಗೆ ಕೊಟ್ಟ. "ಮಗು ಥರ ನೋಡ್ಕೋತೀನಿ ಮಾಮ" ಎಂದು ಆ ಭೂಪ ಮಾತು ಕೊಟ್ಟ. ಬೇಸಿಗೆಯಲ್ಲಿ ಕಾರು ತಂದು ತೋರಿಸಿದ. ಬಾನೆಟ್ಟಿನ ಬಣ್ಣವನ್ನೆಲ್ಲ ಮರಳು ಕಾಗದದಿಂದ ಉಜ್ಜಿ, ಉಪ್ಪು ವಿನೆಗರ್ ಚಿಮುಕಿಸಿ, ಬಿಸಿಲಿಗಿಟ್ಟು ತುಕ್ಕು ಬರಿಸಿದ್ದ. ಬಾಗಿಲ ಮೇಲೆ ಎಂದೂ ಇಲ್ಲದ ಒಂದು ಹಿಟ್ಟಿನ ಅಂಗಡಿಯ ಹೆಸರು, ಅದೂ ಮಾಸಿದಂತೆ ಕಾಣುವ ಹಾಗೆ ಬರೆಸಿದ್ದ!

"ಹಳೇದಾಗಿ ಕಾಣೋದೇ ಈಗ ಫ್ಯಾಶನ್ ಮಾಮ. ಜನ ಮುಗಿಬೀಳ್ತಾರೆ."

ಆರ್ವಲ್ ಬಾನೆಟ್ ಸವರಿದ. ಕೈ ನಿಂತಿತು.

"ಇದೇನೋ ಇದು, ಹುಣ್ಣೆದ್ದಿದ್ಯಾ?"

ಅಂಗೈ ಮೂಸಿ ನೋಡಿ ಪ್ಯಾಂಟಿಗೆ ಒರೆಸಿಕೊಂಡ.

ಶನಿವಾರ ಊರಿನ ಕಾರ್ ಶೋನಲ್ಲಿ ಆ ಹುಣ್ಣಿಗೇ ಕಪ್ ಬಂತು. ಹೊಸ ಬೂಟು ತೊಟ್ಟವನೊಬ್ಬ ಕಣ್ಣಲ್ಲಿ ನೀರು ತುಂಬಿಕೊಂಡು, "ಎಂಥಾ ಪ್ರಾಮಾಣಿಕ ಕಾರು ರೀ!" ಎಂದ. ಥೂ! ಸೋಮವಾರ ಬಂದು ಕೊಳ್ಳುತ್ತೇನೆ ಎಂದೂ ಹೇಳಿ ಹೋದ. ಕರ್ಬಿ ಹಲ್ಲು ಕಿರಿಯುತ್ತ ಕಾರನ್ನು ಆರ್ವಲ್‌ನ ಅಂಗಳದಲ್ಲೇ ಬಿಟ್ಟು, ಸ್ನೇಹಿತರ ಜೊತೆ ಬಿಯರ್ ಕುಡಿಯಲು ಹೋದ. ಮಾರುವುದಕ್ಕೆ ಮಾಮನನ್ನು ಒಂದು ಮಾತು ಕೇಳಲಿಲ್ಲ.

ಭಾನುವಾರ ಆರ್ವಲ್ ಚರ್ಚಿಗೆ ಬರಲಿಲ್ಲ. ಹೋಗಿ ನೋಡಿದರೆ, ಜಗಲಿಯ ಕಟಕಟೆಗೆ ಬಳಿದು ಉಳಿದಿದ್ದ ಬೂದು ಬಣ್ಣವನ್ನು ದಪ್ಪ ಬ್ರಶ್ಶಿನಲ್ಲಿ ಕಾರಿಗೆ ಮೆತ್ತುತ್ತಿದ್ದ. ತುಕ್ಕು, ಅಂಗಡಿಯ ಹೆಸರು, ಅರ್ಧ ಕಿಟಕಿ, ಎಲ್ಲ ಬೂದು. ಅಷ್ಟು ಅಸಹ್ಯವಾದ ಕಾರನ್ನು ನಾನು ಕಂಡಿಲ್ಲ. ನನ್ನ ಹೊಟ್ಟೆ ಮಾತ್ರ ತಣ್ಣಗಾಯಿತು.

ಆಗಲೇ ಕರ್ಬಿ ಬಂದ. ತಲೆ ಮೇಲೆ ಕೈ ಹೊತ್ತು ಕಿರುಚಿದ:

"ಏನ್ ಮಾಡ್ಬಿಟ್ರಿ ಮಾಮ! ಇನ್ನು ಇದನ್ನ ಯಾರೂ ಮೂಸಿ ನೋಡಲ್ಲ!"

ಆರ್ವಲ್ ಬ್ರಶ್ ಕೆಳಗಿಟ್ಟ. ಮುಖ ಅರಳಿತ್ತು.

"ಯಾರೂನಾ? ನಿನಗೂ ಬೇಡ ತಾನೇ?"

"ಬೇಡ! ನೀವೇ ಇಟ್ಕೊಂಡು ಸಾಯಿರಿ!"

ಕರ್ಬಿ ಎಸೆದ ಕೀ ಹುಲ್ಲಿನ ಮೇಲೆ ಬಿತ್ತು. ಆರ್ವಲ್‌ಗೆ ಅದು ಕಾಣಲಿಲ್ಲ. ನಾನು ಹೆಕ್ಕಿ ಅವನ ಕೈಗಿಟ್ಟೆ.