ಕಟಿಂಗ್ ಮಾಸ್ಟರ ಕ್ಯಾಲ್ಸಿಯಂ

ವಕೀಲರು ಹೊಸ ಕರಿ ಕೋಟು ತೊಟ್ಟು ಟೈಲರ್ ಅಂಗಡಿಯ ಕನ್ನಡಿ ಮುಂದೆ ನಿಂತಿದ್ದರು. ಹೆಗಲ ಮೇಲೆ ಬಿಳಿ ಹೊಟ್ಟು. ತಮ್ಮ ತಲೆಯದೇ ಇರಬೇಕೆಂದು ನಾಚಿ ಕೊಡವಿಕೊಂಡರು. ಕಾಲರ್ ಸರಿಪಡಿಸಲು ಕಟಿಂಗ್ ಮಾಸ್ಟರು ಕೈಯೆತ್ತಿದರು. ಅವರ ಮೊಣಕೈಯಿಂದ ಇನ್ನೊಂದು ಕಂತು ಉದುರಿತು.

"ಮಾಸ್ಟ್ರೇ, ಇದು ಅಂಟೋದಾ?"

"ಇಲ್ಲ ಸಾರ್, ಉದುರೋದು."

ವಕೀಲರು ಮತ್ತೆ ಬರಲಿಲ್ಲ. ಕಾಯಿಲೆಯ ಹೆಸರು ಸೋರಿಯಾಸಿಸ್. ಗಿರಾಕಿಗಳೂ ಒಬ್ಬೊಬ್ಬರಾಗಿ ಸೋರಿಹೋದರು. ಉಳಿದವರ ಅಳತೆಯನ್ನು ಮಾಸ್ಟರ ಹೆಂಡತಿ ತೆಗೆಯತೊಡಗಿದರು. ಊರಿನ ಎದೆ, ಸೊಂಟಗಳ ಗುಟ್ಟನ್ನೆಲ್ಲ ಬಲ್ಲ ಮನುಷ್ಯ ಮೂಲೆಯಲ್ಲಿ ಕೂತು, "ಸ್ವಲ್ಪ ಸಡಿಲ ಬಿಡೇ, ಅವರು ಉಸಿರಾಡ್ಬೇಕು" ಎನ್ನುವಂತಾಯಿತು. ಸಡಿಲ ಬಿಟ್ಟರೆ ಒಂದು ಅಂಗಿಯಲ್ಲಿ ಇಬ್ಬರು ಉಸಿರಾಡುವಂತಿರುತ್ತಿತ್ತು. ಕೊರಳಲ್ಲಿ ಟೇಪಿಲ್ಲದೆ ಮಾಸ್ಟರಿಗೆ ಬೀದಿಯಲ್ಲಿ ಬೆತ್ತಲೆ ನಿಂತ ಹಾಗೆ.

ಚರ್ಮದ ಡಾಕ್ಟರು ಮೊಣಕೈ ನೋಡಿದರು. ಆಮೇಲೆ ಕೊರಳ ಮೇಲಿನ ಹೊಲಿಗೆಯ ಗುರುತು ನೋಡಿದರು.

"ಥೈರಾಯ್ಡ್ ಆಪರೇಷನ್ನಾ? ಬೆರಳು ಜುಮ್ ಅನ್ನುತ್ತಾ?"

"ಕತ್ತರಿ ಹಿಡಿಯೋರಿಗೆ ಅದು ಇದ್ದದ್ದೇ ಡಾಕ್ಟ್ರೇ."

ಇದ್ದದ್ದಲ್ಲ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಬಂತು. ಆ ಆಪರೇಷನ್ ಆದ ಕೆಲವರಿಗೆ ಹೀಗೆ ಇಳಿಯುವುದುಂಟು; ಇಳಿದರೆ ಕೆಲವರ ಸೋರಿಯಾಸಿಸ್ ಕೆರಳುವುದೂ ಉಂಟು.

"ಪೂರ್ತಿ ಹೋಗುತ್ತೆ ಅನ್ನಲ್ಲ. ಹತೋಟಿಗೆ ಬಂದ್ರೆ ನೀವೇ ಧೈರ್ಯವಾಗಿ ಅಳತೆ ತಗೋಬಹುದು" ಎಂದು ಡಾಕ್ಟರು ಹಚ್ಚಲು ಮುಲಾಮು, ಊಟದ ಜೊತೆಗೆ ದಪ್ಪನೆಯ ಬಿಳಿ ಮಾತ್ರೆ ಬರೆದುಕೊಟ್ಟರು.

ಮತ್ತೆ ಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ಇದ್ದಲ್ಲೇ ಇತ್ತು. ಮೊಣಕೈಯೂ ಅಷ್ಟೇ.

"ಮಾತ್ರೆ ತಪ್ಪಿಸಿದ್ರಾ?"

"ಎಲ್ಲಿ ತಪ್ಪಿಸೋದು ಡಾಕ್ಟ್ರೇ, ಡಬ್ಬಿನೇ ಖಾಲಿ" ಎಂದು ಹೆಂಡತಿ ಸಾಕ್ಷಿ ನುಡಿದರು. "ಊಟಕ್ಕೆ ಕೂತಾಗ ನಾನೇ ಕೈಗೆ ಕೊಡ್ತೀನಿ. ಆಮೇಲೆ ನುಂಗ್ತೀನಿ ಅಂತ ಜೇಬಿಗೆ ಹಾಕ್ಕೊಂಡು ಅಂಗಡಿಗೆ ಹೋಗ್ತಾರೆ."

ಡಾಕ್ಟರ ಹಣೆ ಸುಕ್ಕುಗಟ್ಟಿತು. ಕರುಳು ಹೀರಿಕೊಳ್ಳುತ್ತಿಲ್ಲವೇನೋ, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕೇನೋ ಎಂದು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿದರು.

"ನಿಜ ಹೇಳಿ ಮಾಸ್ಟ್ರೇ. ಅಷ್ಟು ಕ್ಯಾಲ್ಸಿಯಂ ಎಲ್ಲಿಗೆ ಹೋಯ್ತು?"

ಮಾಸ್ಟರು ಹೆಂಡತಿಯ ಕಡೆ ನೋಡಲಿಲ್ಲ.

"ಗಂಟಲಲ್ಲಿ ಇಳೀಲಿಲ್ಲ ಡಾಕ್ಟ್ರೇ. ಬಿಸಾಡೋಕೂ ಮನಸ್ಸು ಬರಲಿಲ್ಲ. ಕರಿ ಬಟ್ಟೆ ಮೇಲೆ ಸೀಮೆಸುಣ್ಣಕ್ಕಿಂತ ಚೆನ್ನಾಗಿ ಗೆರೆ ಬೀಳುತ್ತೆ."