ಮಡಿಸಿದ ಪುಟ

ವಾಪಸಾದ ಪುಸ್ತಕದ ಮಡಿಸಿದ ಪುಟಗಳನ್ನೆಲ್ಲ ಉಗುರಿನಿಂದ ತೀಡಿ ನೇರ ಮಾಡದೆ ಲೈಬ್ರರಿಯನ್ ಅದನ್ನು ಕಪಾಟಿಗೆ ಸೇರಿಸುವವರಲ್ಲ. ಆ ಹೊತ್ತಿನಲ್ಲಿ ಅವರ ಬಾಯಿಗೆ ಸಿಕ್ಕವರ ಪಾಡು ದೇವರಿಗೇ ಪ್ರೀತಿ. "ಪುಟದ ಕಿವಿ ಮಡಿಸಿದ್ದೀರಲ್ಲ, ನಿಮ್ಮ ಕಿವಿ ಹಿಂಡ್ಲಾ ಮೇಷ್ಟ್ರೇ?" ಎಂದು ಗದರುತ್ತಾರೆ. "ಈಗೆಲ್ಲ ಫೋನಲ್ಲೇ ಸಿಗುತ್ತೆ ಸಾರ್, ಈ ಲೈಬ್ರರಿ ಮುಚ್ಚಿಬಿಡಿ" ಎಂದು ಯಾರಾದರೂ ನಕ್ಕರೆ, "ಪುಸ್ತಕ ಸಿಗುತ್ತಪ್ಪಾ, ಅದರಲ್ಲಿ ನಿನ್ನ ದಾರಿ ಕಾಯೋರು ಸಿಗ್ತಾರಾ?" ಎನ್ನುತ್ತಾರೆ. ದಿನಾ ಕಿಟಕಿಯ ಪಕ್ಕ ಕೂತು ಓದುತ್ತಿದ್ದ ದರ್ಜಿ ತೀರಿಕೊಂಡ ಮೇಲೆ, ಅವನ ಹೆಂಡತಿ ಅವನ ಕೊನೆಯ ಪುಸ್ತಕವನ್ನು ಅವನೇ ಹೊಲಿದ ಚೀಲದಲ್ಲಿಟ್ಟು ತಂದಳು. "ತಡವಾಯ್ತು, ಅಣ್ಣಾ." ನಡುವೆ ಒಂದು ಪುಟ ಮಡಿಸಿತ್ತು. ಲೈಬ್ರರಿಯನ್‌ರ ಉಗುರು ಅಲ್ಲಿಯವರೆಗೆ ಹೋಗಿ ನಿಂತಿತು. ಮಡಿಕೆಯನ್ನು ಹಾಗೇ ಬಿಟ್ಟು, ಪುಸ್ತಕವನ್ನು ರಿಜಿಸ್ಟರಿನಲ್ಲಿ ಅವಳ ಹೆಸರಿಗೆ ಬರೆದು ಚೀಲಕ್ಕೇ ಹಾಕಿಕೊಟ್ಟರು. "ಅವನು ಇಲ್ಲಿವರೆಗೆ ಓದಿದ್ದ. ಇಲ್ಲಿಂದಾಚೆಗೆ ನೀನು ಓದಮ್ಮ. ಅವಸರವೇನಿಲ್ಲ."